ಅಂತರ್ಜಾಲದ ಅಪರಾಧ ಕಾನೂನು ಹಾಗೂ ವಾಕ್ಸ್ವಾತಂತ್ರ್ಯ: ಒಂದು ಚಾರಿತ್ರಿಕ ಅವಲೋಕನ

ದುಷ್ಟರನ್ನು ದಂಡಿಸುವುದು ರಾಜಧರ್ಮವೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ದಂಡಕ್ಕೂ ಒಂದು ಅಳತೆ ಇರಬೇಕು. ಅಪರಾಧ ಯಾವುದೆಂಬುದನ್ನು ಸ್ಪಷ್ಟವಾಗಿ ಹೇಳದೆ ಶಿಕ್ಷೆಯನ್ನು ಮಾತ್ರ ವಿಧಿಸಿದರೆ ನಿರಪರಾಧಿಯೂ ಅಂಜಿ ಬಾಳಬೇಕಾಗುತ್ತದೆ. ಭಾರತದಲ್ಲಿ ಅಂತರ್ಜಾಲದ ಅಪರಾಧಗಳನ್ನು ತಡೆಯಲು ರಚಿತವಾದ ಕಾನೂನಿನ ಇತಿಹಾಸವು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ.

ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು. ವಿಶ್ವಸಂಸ್ಥೆಯ ಆಯೋಗವೊಂದು 1996ರಲ್ಲಿ ರೂಪಿಸಿದ ಮಾದರಿ ಕಾನೂನು ಇದಕ್ಕೆ ಆಧಾರ. ವಿದ್ಯುನ್ಮಾನ ದಾಖಲೆಗಳಿಗೆ ಕಾಗದಪತ್ರಗಳಿಗಿರುವ ಮಾನ್ಯತೆಯನ್ನು ನೀಡಿ ವಾಣಿಜ್ಯವನ್ನು ಸುಗಮಗೊಳಿಸುವುದೇ ಇದರ ಮುಖ್ಯೋದ್ದೇಶವಾಗಿದ್ದಿತು. 2008ರ ನವೆಂಬರ್‌ನಲ್ಲಿ ಮುಂಬಯಿಯ ಮೇಲೆ ಭಯೋತ್ಪಾದಕರ ದಾಳಿ ನಡೆಯಿತು. ಅದಾಗಿ ಕೆಲವೇ ವಾರಗಳಲ್ಲಿ, ಡಿಸೆಂಬರ್ ತಿಂಗಳಿನಲ್ಲಿ, ಸಂಸತ್ತಿನ ಉಭಯ ಸದನಗಳೂ ಹೆಚ್ಚಿನ ಚರ್ಚೆಯಿಲ್ಲದೆ ಈ ಕಾನೂನಿನ ತಿದ್ದುಪಡಿಗೆ ಒಪ್ಪಿಗೆಯಿತ್ತವು.

ಈ ತಿದ್ದುಪಡಿಯಲ್ಲಿ ಎರಡು ಬಗೆಯ ಕಲಮುಗಳಿದ್ದವು. ಮತ್ತೊಬ್ಬರ ಗುಪ್ತಪದ ಅಥವಾ ವಿದ್ಯುನ್ಮಾನ ಸಹಿಯನ್ನು ವಂಚನೆಯಿಂದ ಬಳಸುವುದು, ಇನ್ನೊಬ್ಬರ ಸೋಗು ಹಾಕಿ ಮೋಸಗೊಳಿಸುವುದು, ಇಂತಹವನ್ನು 66ಸಿ ಮತ್ತು 66ಡಿ ಕಲಮುಗಳು ಅಪರಾಧವೆಂದು ಸಾರಿದವು. ಇಲ್ಲಿ ಕೃತ್ಯವೂ ಸ್ಪಷ್ಟ, ನೊಂದವರೂ ಸ್ಪಷ್ಟ. ಆದರೆ 66ಎ ಕಲಮಿನ ರೀತಿಯೇ ಬೇರೆ. ಅತ್ಯಂತ ಆಕ್ಷೇಪಾರ್ಹವಾದ ಸಂದೇಶ, ಕಿರಿಕಿರಿ ಅಥವಾ ಅನಾನುಕೂಲ ಉಂಟುಮಾಡಲೆಂದು ಕಳುಹಿಸಿದ ಸುಳ್ಳು ಮಾಹಿತಿ, ಇವುಗಳಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನು ಅದು ವಿಧಿಸಿತು. ಯಾವುದು ಆಕ್ಷೇಪಾರ್ಹ, ಯಾವುದು ಕಿರಿಕಿರಿ ಎಂಬುದಕ್ಕೆ ಅದರಲ್ಲಿ ವ್ಯಾಖ್ಯೆಯೇ ಇರಲಿಲ್ಲ.

ಈ ಪದಗಳ ಮೂಲ 1935ರ ಬ್ರಿಟಿಷ್ ಅಂಚೆ ಕಾನೂನಿನ ತಿದ್ದುಪಡಿಯಲ್ಲಿದೆ. ದೂರವಾಣಿಯಲ್ಲಿ ಅವಾಚ್ಯವಾಗಿ ಮಾತನಾಡಿ ಪೀಡಿಸುವವರನ್ನು ತಡೆಯುವುದು ಅದರ ಉದ್ದೇಶ. ದೂರವಾಣಿಯ ಮಾತು ಒಬ್ಬ ವ್ಯಕ್ತಿಯ ಕಿವಿಗೆ ಗುರಿಯಿಟ್ಟದ್ದು. ಅಂತರ್ಜಾಲದ ಬರಹವಾದರೋ ಬಹುಮಟ್ಟಿಗೆ ಲೋಕದ ಮುಂದಿಟ್ಟ ಅಭಿಪ್ರಾಯ. ಒಂದಕ್ಕೆ ಹೊಲಿದ ಅಂಗಿಯನ್ನು ಇನ್ನೊಂದಕ್ಕೆ ತೊಡಿಸಿದುದೇ ಅನರ್ಥಕ್ಕೆ ಕಾರಣವಾಯಿತು.

2012ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿಯವರನ್ನು ಕುರಿತ ವ್ಯಂಗ್ಯಚಿತ್ರವೊಂದನ್ನು ಮಿಂಚಂಚೆಯಲ್ಲಿ ಹಂಚಿದುದಕ್ಕಾಗಿ ಬಂಧಿತರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಬಾಳಾ ಠಾಕ್ರೆಯವರು ನಿಧನರಾದಾಗ ಮುಂಬಯಿ ಸ್ತಬ್ಧವಾಯಿತು. ಇದನ್ನು ಪ್ರಶ್ನಿಸಿ ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್‌ನಲ್ಲಿ ಬರೆದಳು. ಆಕೆಯ ಗೆಳತಿ ಅದಕ್ಕೆ ಮೆಚ್ಚುಗೆ ಸೂಚಿಸಿದಳು. ಇಬ್ಬರೂ ಬಂಧನಕ್ಕೊಳಗಾದರು. ಹೊರಿಸಿದ ಆರೋಪಗಳಲ್ಲಿ 66ಎ ಕಲಮೂ ಸೇರಿದ್ದಿತು.

ಈ ಬಂಧನದ ಬೆನ್ನಿಗೇ ಶ್ರೇಯಾ ಸಿಂಘಾಲ್ ಎಂಬ ಯುವತಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಕಾನೂನನ್ನು ದುರುಪಯೋಗಪಡಿಸುವುದಿಲ್ಲವೆಂದು ಸರ್ಕಾರ ಭರವಸೆಯಿತ್ತಿತು. ಸರ್ಕಾರಗಳು ಬಂದುಹೋಗುತ್ತವೆ, ಕಾನೂನು ಉಳಿಯುತ್ತದೆ. ಆದುದರಿಂದ ಭರವಸೆಯಿಂದ ಕಾನೂನಿನ ದೋಷ ನೀಗದು ಎಂಬುದು ನ್ಯಾಯಾಲಯದ ನಿಲುವಾಗಿದ್ದಿತು. ನ್ಯಾಯಮೂರ್ತಿಗಳಾದ ಚೆಲಮೇಶ್ವರ್ ಹಾಗೂ ನಾರಿಮನ್ ಅವರ ಪೀಠವು 2015ರ ಮಾರ್ಚ್ 24ರಂದು 66ಎ ಕಲಮನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂದು ಮೂರು ಹಂತಗಳನ್ನು ಅದು ಗುರುತಿಸಿತು. ಮೊದಲೆರಡು ಎಷ್ಟೇ ಅಪ್ರಿಯವಾದರೂ ಸಂವಿಧಾನದ ರಕ್ಷಣೆಗೆ ಅರ್ಹ. ಪ್ರಚೋದನೆಯ ಮಟ್ಟಕ್ಕೇರಿದಾಗ ಮಾತ್ರ ಅಂಕುಶಕ್ಕೆ ಎಡೆಯುಂಟು. ಆದರೆ ಜಾಲತಾಣಗಳನ್ನು ತಡೆಹಿಡಿಯುವ 69ಎ ಕಲಮನ್ನು, ಅದರಲ್ಲಿ ಕ್ರಮಬದ್ಧ ರಕ್ಷಣೆಗಳಿವೆಯೆಂದು, ಅದೇ ಪೀಠ ಎತ್ತಿಹಿಡಿಯಿತು.

ಖಾಸಗಿತನದ ಕಥೆ ಇದಕ್ಕಿಂತ ಹಳೆಯದು. 1885ರ ತಂತಿ ಕಾನೂನಿನ ಪ್ರಕಾರ ಸಂದೇಶಗಳನ್ನು ಕದ್ದಾಲಿಸಲು ಸಾರ್ವಜನಿಕ ತುರ್ತುಸ್ಥಿತಿ ಅಥವಾ ಸಾರ್ವಜನಿಕ ಸುರಕ್ಷತೆಯ ಕಾರಣ ಬೇಕಾಗಿದ್ದಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದಕ್ಕೆ ಮತ್ತಷ್ಟು ನಿಯಮಗಳನ್ನು ಸೇರಿಸಿತು. 2008ರಲ್ಲಿ ತಿದ್ದಿದ 69ನೆಯ ಕಲಮಿನಲ್ಲಿ ಆ ಪೂರ್ವಷರತ್ತು ಕಾಣುವುದಿಲ್ಲ. ಯಾವುದೇ ಅಪರಾಧದ ತನಿಖೆಗೂ ಗಣಕಯಂತ್ರದ ಮಾಹಿತಿಯನ್ನು ಪರಿಶೀಲಿಸಬಹುದು. ನೆರವು ನಿರಾಕರಿಸಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯವು ಹತ್ತು ಸಂಸ್ಥೆಗಳಿಗೆ ಈ ಅಧಿಕಾರವನ್ನಿತ್ತಿತು.

ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತಾರರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ದಾವೆ ಹೂಡಿದರು. ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಸರ್ಕಾರವು 1954 ಮತ್ತು 1962ರ ತೀರ್ಪುಗಳನ್ನು ಆಧರಿಸಿ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಖಾಸಗಿತನದಲ್ಲಿ ಸರ್ಕಾರ ಕೈಹಾಕಬೇಕಾದರೆ ಕಾನೂನಿನ ಆಧಾರವಿರಬೇಕು, ನ್ಯಾಯಯುತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು ಎಂಬ ಒರೆಗಲ್ಲು ದೊರೆಯಿತು.

ಆದರೂ ತೀರ್ಪು ಬಂದ ಮಾತ್ರಕ್ಕೆ ಅನ್ಯಾಯ ಅಳಿಯಲಿಲ್ಲ. ರದ್ದಾದ 66ಎ ಕಲಮಿನಡಿ ಆರಕ್ಷಕರು ಮೊಕದ್ದಮೆಗಳನ್ನು ಹೂಡುತ್ತಲೇ ಇದ್ದರು. ಅದರಡಿ ಯಾರನ್ನೂ ವಿಚಾರಣೆಗೆ ಗುರಿಪಡಿಸಬಾರದೆಂದು 2022ರ ಅಕ್ಟೋಬರ್ 12ರಂದು ಸರ್ವೋಚ್ಚ ನ್ಯಾಯಾಲಯವೇ ಮತ್ತೆ ಆಜ್ಞಾಪಿಸಬೇಕಾಯಿತು. ಕೋಲ್ಕತ್ತದ ಪ್ರಾಧ್ಯಾಪಕರು ಸಂಪೂರ್ಣ ಆರೋಪಮುಕ್ತರಾದುದು 2023ರ ಜನವರಿಯಲ್ಲಿ. ಒಂದು ವ್ಯಂಗ್ಯಚಿತ್ರಕ್ಕೆ ಹತ್ತು ವರ್ಷಗಳಿಗೂ ಮೀರಿದ ಅಲೆದಾಟ!

ಅಂತರ್ಜಾಲದಲ್ಲಿ ವಂಚಕರಿದ್ದಾರೆ, ಮಕ್ಕಳನ್ನು ಪೀಡಿಸುವವರಿದ್ದಾರೆ. ಅವರನ್ನು ದಂಡಿಸುವ ಕಾನೂನು ಅವಶ್ಯ. ಆದರೆ ಆ ಕಾನೂನು ಕೃತ್ಯವನ್ನು ಹೆಸರಿಸಿ ಹಿಡಿಯಬೇಕೇ ಹೊರತು ಯಾರಿಗೋ ಉಂಟಾದ ಕಿರಿಕಿರಿಯನ್ನು ಅಳತೆಗೋಲಾಗಿಸಬಾರದು. ವಾಕ್ಸಂಯಮವು ದೊಡ್ಡ ಗುಣ. ಅದು ಆಡುವವನ ವಿವೇಕದಿಂದ ಬಂದಾಗ ಮಾತಿಗೆ ತೂಕ ಬರುತ್ತದೆ. ಸೆರೆಮನೆಯ ಭಯದಿಂದ ಬಂದುದು ಸಂಯಮವಲ್ಲ, ಬರಿಯ ಮೌನ.