ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್: ನೂರಿಪ್ಪತ್ತು ವರ್ಷಗಳ ಹಿಂದಿನ ಸಾವು ಮತ್ತು ಸಾಂಕ್ರಾಮಿಕ ರೋಗಗಳು

ನ್ಯೂಯಾರ್ಕಿನ ಆರ್ಚರ್ಡ್ ಬೀದಿಯ 97ನೆಯ ಸಂಖ್ಯೆಯ ವಠಾರ 1863ರಲ್ಲಿ ಕಟ್ಟಿದ್ದು, ಈಗ ವಸ್ತುಸಂಗ್ರಹಾಲಯ. ಅಲ್ಲಿ ಎರಡು ಕೋಣೆಗಳ ನಡುವಣ ಗೋಡೆಯಲ್ಲೇ ಕಿಟಕಿ ಇರುವುದನ್ನು ಕಂಡು ನನಗೆ ಸೋಜಿಗವಾಯಿತು. ಗಾಳಿ ಬೆಳಕು ಕಾಣದ ಒಳಕೋಣೆಗಳಿಗೆ ಕಿಟಕಿ ಇಡಿಸಬೇಕೆಂದು 1901ರ ವಸತಿ ಕಾಯಿದೆ ವಿಧಿಸಿತ್ತು. ಅದರ ಹಿಂದಿದ್ದ ಮುಖ್ಯ ಭಯ ಕ್ಷಯರೋಗ.

1900ರ ಸುಮಾರಿಗೆ ಈ ಭಾಗದ ಹತ್ತನೆಯ ವಾರ್ಡಿನಲ್ಲಿ ಎಕರೆಗೆ 600ಕ್ಕೂ ಹೆಚ್ಚು ಜನ ವಾಸಿಸುತ್ತಿದ್ದರು. ಬಹುಪಾಲು ಪೂರ್ವ ಯೂರೋಪಿನಿಂದ ಬಂದ ಯಹೂದಿಗಳು. ಮಲಗುವ ಕೋಣೆಯೇ ಹಲವರಿಗೆ ಹೊಲಿಗೆಯ ಕಾರ್ಖಾನೆ. ಆಗ ಅಮೆರಿಕದಲ್ಲಿ ಮರಣ ನೋಂದಣಿ ಇದ್ದ ಪ್ರದೇಶಗಳ ಲೆಕ್ಕದಂತೆ, ವರ್ಷಕ್ಕೆ ಲಕ್ಷ ಜನರಲ್ಲಿ ನ್ಯುಮೋನಿಯ ಮತ್ತು ಇನ್‌ಫ್ಲುಯೆಂಜಾದಿಂದ 202, ಕ್ಷಯದಿಂದ 194, ಅತಿಸಾರದಂಥ ಕರುಳಿನ ರೋಗಗಳಿಂದ 143 ಮಂದಿ ಸಾಯುತ್ತಿದ್ದರು. ಸತ್ತವರಲ್ಲಿ ಶೇಕಡ 30ರಷ್ಟು ಐದು ವರ್ಷ ತುಂಬದ ಮಕ್ಕಳು.

ಕ್ಷಯವನ್ನು ಜನ 'ದರ್ಜಿಗಳ ರೋಗ' ಎನ್ನುತ್ತಿದ್ದರು. ವಲಸಿಗರೇ ಅದನ್ನು ತಂದರೆಂದು ದೂರುತ್ತಿದ್ದರು. ಆದರೆ ಅಂಕಿಅಂಶಗಳು ಬೇರೆಯದನ್ನೇ ಹೇಳಿದವು: ಯಹೂದಿಗಳಲ್ಲಿ ಕ್ಷಯದ ಸಾವು ಇತರ ಬಡ ಸಮುದಾಯಗಳಿಗಿಂತ ಕಡಿಮೆಯಿತ್ತು.

ನಗರದ ಆರೋಗ್ಯ ಇಲಾಖೆಯ ಡಾ. ಹರ್ಮನ್ ಬಿಗ್ಸ್ 1897ರಲ್ಲಿ, ಪ್ರತಿಯೊಬ್ಬ ಕ್ಷಯರೋಗಿಯ ಹೆಸರನ್ನೂ ವೈದ್ಯರು ಇಲಾಖೆಗೆ ತಿಳಿಸುವುದನ್ನು ಕಡ್ಡಾಯಗೊಳಿಸಿದರು. ವೈದ್ಯರೇ ಇದನ್ನು ವಿರೋಧಿಸಿದರು. ಹೆಸರು ಹೊರಬಿದ್ದರೆ ರೋಗಿಗೆ ಕೆಲಸವೂ ವಿಮೆಯೂ ತಪ್ಪುವ ಭಯವಿತ್ತು. ರೋಗಿಯ ಗುಟ್ಟು ಕಾಯಬೇಕೇ, ನೆರೆಮನೆಯವರ ಜೀವ ಕಾಯಬೇಕೇ ಎಂಬ ಈ ಪ್ರಶ್ನೆ ಇಂದಿಗೂ ನಮ್ಮ ವೃತ್ತಿಯನ್ನು ಬಿಟ್ಟಿಲ್ಲ.

ಬೇಸಿಗೆಯಲ್ಲಿ ಕೆಟ್ಟ ಹಾಲು ಕೂಸುಗಳನ್ನು ಕೊಲ್ಲುತ್ತಿತ್ತು. ವರ್ತಕ ನೇಥನ್ ಸ್ಟ್ರಾಸ್ 1893ರಿಂದ ಪಾಶ್ಚರೀಕರಿಸಿದ ಹಾಲಿನ ಕೇಂದ್ರಗಳನ್ನು ತೆರೆದರು. 1908ರಲ್ಲಿ ಡಾ. ಜೋಸೆಫಿನ್ ಬೇಕರ್ ದಾದಿಯರನ್ನು ಲೋಯರ್ ಈಸ್ಟ್ ಸೈಡಿನ ಬಾಣಂತಿಯರ ಮನೆಗಳಿಗೇ ಕಳುಹಿಸಿದರು. ಎದೆಹಾಲು, ಸ್ನಾನ, ತೆಳುವಾದ ಬಟ್ಟೆ, ತೆರೆದ ಕಿಟಕಿ: ಅವರು ಕಲಿಸಿದ್ದು ಇಷ್ಟೇ. ಹಿಂದಿನ ಬೇಸಿಗೆಗಿಂತ ಆ ಬೇಸಿಗೆಯಲ್ಲಿ 1,200 ಕೂಸುಗಳು ಕಡಿಮೆ ಸತ್ತವೆಂದು ಬೇಕರ್ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ.

ಕ್ಷಯದ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ. ಆದರೆ ಅದಕ್ಕೂ ಮುನ್ನ, 1940ರ ವೇಳೆಗೇ, ಅಮೆರಿಕದಲ್ಲಿ ಕ್ಷಯದ ಮರಣ ಪ್ರಮಾಣ 194ರಿಂದ 46ಕ್ಕೆ ಇಳಿದಿತ್ತು. ಇದರಲ್ಲಿ ವಸತಿ, ಆಹಾರ, ರೋಗಿಗಳ ಪ್ರತ್ಯೇಕವಾಸ ಇವುಗಳ ಪಾಲು ಎಷ್ಟೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಮೂವತ್ತು ವರ್ಷಗಳ ಹಿಂದೆ ನಾನು ಈ ದೇಶಕ್ಕೆ ಬಂದಾಗ ನನ್ನ ಮುಂಗೈಯ ಕ್ಷಯಪರೀಕ್ಷೆ ಊದಿಕೊಂಡಿತು. ಬಾಲ್ಯದಲ್ಲಿ ಹಾಕಿಸಿದ ಬಿ.ಸಿ.ಜಿ. ಲಸಿಕೆಯಿಂದಲೂ ಹಾಗಾಗಬಹುದೆಂದು ನಾನು ಬಲ್ಲೆ. ಆದರೂ ಸಹೋದ್ಯೋಗಿಯೊಬ್ಬರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ್ದು ಮರೆತಿಲ್ಲ. ಇಂದು ಕೆಮ್ಮುತ್ತ ಬರುವ ವಲಸಿಗನ ಎದೆಯನ್ನು ಪರೀಕ್ಷಿಸುವಾಗ, ಅವನು ಯಾವ ದೇಶದವನೆಂಬುದರ ಜೊತೆಗೆ, ಒಂದು ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂದೂ ತಪ್ಪದೆ ಕೇಳುತ್ತೇನೆ.