ಬಳ್ಳಾರಿಯ ಬಯಲು, ಬಜಪೆಯ ಗುಡ್ಡ

ವಿಮಾನದ ಚರಿತ್ರೆಯನ್ನು ಬರೆಯುವವರು ಹಾರಿದ ಕಥೆಯನ್ನು ಹೇಳುತ್ತಾರೆಯೇ ಹೊರತು ಇಳಿದ ಕಥೆಯನ್ನು ಹೇಳುವುದು ಕಡಮೆ. ಏರುವುದಕ್ಕೆ ಯಂತ್ರದ ಬಲ ಬೇಕು. ಇಳಿಯುವುದಕ್ಕೆ ವಿವೇಕವೂ ಬೇಕು, ನೆಲದ ಕೃಪೆಯೂ ಬೇಕು.

1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಟ್ಟದೊಂದು ‘ಪಸ್ ಮಾತ್’ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ಅದನ್ನು ಮದರಾಸಿಗೆ ಒಯ್ದವರು ಅವರ ಸಂಗಾತಿ ನೆವಿಲ್ ವಿನ್ಸೆಂಟ್. ನಡುವಣ ತಂಗುದಾಣ ನಮ್ಮ ಬಳ್ಳಾರಿ. ಭೂಪಟದ ಮೇಲೆ ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆ ಎಳೆದು ನೋಡಿ: ಅದು ಕಂಪ್ಲಿಯ ಆಸುಪಾಸಿನಲ್ಲೇ ತುಂಗಭದ್ರೆಯನ್ನು ದಾಟುತ್ತದೆ. ಬಲಗಡೆಗೆ ಹಂಪೆಯ ಬಂಡೆಗಳು, ಹೊಸಪೇಟೆ, ಅದರಾಚೆ ಸಂಡೂರಿನ ಗುಡ್ಡಸಾಲು, ಎದುರಿಗೆ ಬಯಲು.

ಪಸ್ ಮಾತ್ ಒಂದೇ ಯಂತ್ರದ, ಬಟ್ಟೆ ಹೊದಿಸಿದ ರೆಕ್ಕೆಗಳ ಹಗುರ ವಿಮಾನ. ಅದರ ವೇಗವನ್ನು ತಗ್ಗಿಸುವ ಉಪಾಯ ಸೊಗಸಾಗಿತ್ತು. ಗಾಲಿಯ ಕಾಲುಗಳಿಗೆ ತೊಡಿಸಿದ ಹೊದಿಕೆಯನ್ನು ಅಡ್ಡಕ್ಕೆ ತಿರುಗಿಸಿದರೆ ಅದೇ ಗಾಳಿಗೆ ಎದೆಯೊಡ್ಡಿ ತಡೆಯಾಗುತ್ತಿತ್ತು. ಅಂಥ ವಿಮಾನ ತುಸು ಮುಂದೆ ಹೋಗಿ ಇಳಿದರೂ ಬಯಲಿನಲ್ಲಿ ಇನ್ನಷ್ಟು ನೆಲ ಉಳಿದಿರುತ್ತದೆ. ಮಣ್ಣು ಮೆತ್ತಗಿದ್ದರೆ ಮೂಗೂರಿ ಮಗುಚೀತು, ಪಂಖ ಮುರಿದೀತು. ಆದರೂ ಚಾಲಕ ಬಟ್ಟೆ ಕೊಡವಿಕೊಂಡು ಎದ್ದು ಬರುವ ಸಂಭವವೇ ಹೆಚ್ಚು. ಬಯಲುಸೀಮೆ ಕ್ಷಮಿಸುವ ನೆಲ.

ಕರಾವಳಿಯ ಬಜಪೆ ಹಾಗಲ್ಲ. ಗುಡ್ಡದ ನೆತ್ತಿಯನ್ನು ತಟ್ಟೆಯಂತೆ ಸವರಿ ಮಾಡಿದ ಆ ನಿಲ್ದಾಣದಲ್ಲಿ ಹಾದಿ ಮುಗಿದೆಡೆ ಕಣಿವೆ. 1981ರ ಆಗಸ್ಟ್ 19ರಂದು, ಮಳೆಗಾಲದ ಒದ್ದೆ ಹಾದಿಯಲ್ಲಿ, ಇಂಡಿಯನ್ ಏರ್‌ಲೈನ್ಸಿನ ‘ಆವ್ರೊ’ ವಿಮಾನವೊಂದು ಅಂಚನ್ನು ದಾಟಿ ಸ್ವಲ್ಪದರಲ್ಲೇ ನಿಂತಿತು. ವಿಮಾನ ಕೆಲಸಕ್ಕೆ ಬಾರದಂತಾಯಿತು, ಯಾರೂ ಸಾಯಲಿಲ್ಲ. ಆಗ ರಾಜ್ಯದ ಸಚಿವರಾಗಿದ್ದ ವೀರಪ್ಪ ಮೊಯಿಲಿಯವರೂ ಅದರಲ್ಲಿದ್ದರು. ಸಾವಿಲ್ಲದ ಅಪಘಾತವನ್ನು ಜನ ಬೇಗ ಮರೆಯುತ್ತಾರೆ.

2006ರಲ್ಲಿ ಅಲ್ಲಿ 2,450 ಮೀಟರಿನ ಹೊಸ ಹಾದಿ ತೆರೆಯಿತು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ ಅದರ ಮೇಲಿಳಿದು, ಕೊನೆಯನ್ನು ಮೀರಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ ಉಳಿದವರು ಎಂಟೇ ಜನ. ಇದು ಹಗುರ ವಿಮಾನವಲ್ಲ, ನಿಜ. ಆದರೆ ಇಳಿಯುವ ನಿಯಮ ಎರಡಕ್ಕೂ ಒಂದೇ: ಎತ್ತರವನ್ನೂ ವೇಗವನ್ನೂ ನೆಲ ಮುಟ್ಟುವ ಮೊದಲೇ ಕಳೆದುಕೊಂಡಿರಬೇಕು. ವೇಗ ಹತ್ತರಲ್ಲೊಂದು ಪಾಲು ಹೆಚ್ಚಾದರೆ ನಿಲ್ಲಲು ಬೇಕಾದ ದೂರ ಸುಮಾರು ಐದರಲ್ಲೊಂದು ಪಾಲು ಹೆಚ್ಚುತ್ತದೆ.

ಏರ್ ಮಾರ್ಷಲ್ ಗೋಖಲೆಯವರ ನೇತೃತ್ವದ ವಿಚಾರಣೆ ತೋರಿಸಿದ್ದು ಒಂದು ಕ್ಷಣದ ತಪ್ಪನ್ನಲ್ಲ, ತಪ್ಪುಗಳ ಸರಪಳಿಯನ್ನು. ನಿಲ್ದಾಣದ ರೇಡಾರ್ ಎರಡು ದಿನದಿಂದ ಕೆಟ್ಟಿತ್ತು. ಇಳಿತ ತಡವಾಗಿ ಆರಂಭವಾಯಿತು. ದಾರಿಯಲ್ಲಿ ಒಂದೂವರೆ ಗಂಟೆಗೂ ಮೀರಿ ನಿದ್ರಿಸಿದ್ದ ಮುಖ್ಯ ಚಾಲಕನಿಗೆ ನಿದ್ದೆಯ ಮಂಪರು ಪೂರ್ತಿ ಹರಿದಿರಲಿಲ್ಲ. ವಿಮಾನ ತೀರ ಎತ್ತರದಲ್ಲಿತ್ತು, ತೀರ ವೇಗದಲ್ಲಿತ್ತು. ಇಳಿಯಬೇಡಿ, ಮತ್ತೆ ಮೇಲೇರಿ ಎಂದು ಸಹಚಾಲಕ ಮೂರು ಸಲ ಹೇಳಿದ, ಹಿರಿಯ ಕೇಳಲಿಲ್ಲ. ಹಿರಿಯರಿಗೆ ಎದುರಾಡದ ನಮ್ಮ ಸಂಪ್ರದಾಯದಲ್ಲಿ ಕಿರಿಯನೊಬ್ಬ ಮೂರು ಸಲ ಹೇಳಿದ್ದೇ ದೊಡ್ಡದು ಎನ್ನಬೇಕು. ಗಾಲಿ ನೆಲ ಮುಟ್ಟುವಾಗ ಹಾದಿಯ ಅರ್ಧಕ್ಕಿಂತ ಹೆಚ್ಚು ಹಿಂದೆ ಬಿದ್ದಿತ್ತು. ಆಗಲೂ ಪೂರ್ಣ ಬಲದಿಂದ ತಡೆ ಹಾಕಿದ್ದರೆ ವಿಮಾನ ನಿಲ್ಲುತ್ತಿತ್ತು ಎನ್ನುತ್ತದೆ ವರದಿ. ತಡೆ ಹಾಕಿದ ಚಾಲಕ ನಡುವೆ ಮನಸ್ಸು ಬದಲಿಸಿ ಮತ್ತೆ ಹಾರಲು ಯತ್ನಿಸಿದ.

ಸತ್ತವರಲ್ಲಿ ಕಾಸರಗೋಡಿನವರೂ ಮಂಗಳೂರಿನವರೂ ಬಹಳ. ಗುರುತು ಸಿಗದ ಹನ್ನೆರಡು ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ಮಣ್ಣುಮಾಡಲಾಯಿತು.