ಕುಮಟಾದ ಗಂಧದ ಕೆತ್ತನೆ: ಉಳಿಯಿಂದ ಯಂತ್ರದ ಗರಗಸದವರೆಗೆ

1911ರ ಬ್ರಿಟಾನಿಕಾ ವಿಶ್ವಕೋಶ ಕುಮಟಾದ ಬಗ್ಗೆ ಬರೆದದ್ದು ಕೆಲವೇ ಸಾಲು. ಆ ಸಾಲುಗಳಲ್ಲಿ ಊರಿನ ವಿಶೇಷವೆಂದು ಹೆಸರಿಸಿದ್ದು ಶ್ರೀಗಂಧದ ಕೆತ್ತನೆಯನ್ನು. ಆ ಹೊತ್ತಿಗೆ ಬಂದರಿನ ಸುಗ್ಗಿ ಮುಗಿದಿತ್ತು. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ, ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಮಾರುಕಟ್ಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ರೈಲು ಬಂದ ಮೇಲೆ ಸರಕು ಬೇರೆ ದಾರಿ ಹಿಡಿಯಿತು. ಹತ್ತಿ ಹೋಯಿತು, ಕೆತ್ತನೆ ಉಳಿಯಿತು.

ಉಳಿಸಿದವರು ಕೆತ್ತನೆಯನ್ನೇ ಕಸುಬಾಗಿಸಿಕೊಂಡ ಗುಡಿಗಾರ ಸಮುದಾಯದವರು. ಪೋರ್ಚುಗೀಸರ ಕಾಲದಲ್ಲಿ ಹಿರಿಯರು ಗೋವಾ ಬಿಟ್ಟು ಬಂದರೆಂಬುದು ಅವರಲ್ಲಿ ನಡೆದುಬಂದ ಮಾತು. ಕರಾವಳಿಯಲ್ಲಿ ಕುಮಟಾ, ಹೊನ್ನಾವರ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಸಾಗರ, ಸೊರಬ ಅವರ ನೆಲೆಗಳು. 1883ರ ಮುಂಬಯಿ ಪ್ರಾಂತದ ಕೆನರಾ ಗೆಜೆಟಿಯರ್ ಮತ್ತು 1909ರ ಥರ್ಸ್ಟನ್ನನ ಜಾತಿ–ಬುಡಕಟ್ಟುಗಳ ಗ್ರಂಥ ಎರಡರಲ್ಲೂ ಅವರ ವಿವರಗಳಿವೆ.

ಹೀಗೆಂದು ಈ ಕರಾವಳಿಯ ನಕಾಶಿ ಕೆಲಸವೆಲ್ಲ ಗುಡಿಗಾರರಿಂದಲೇ ಶುರುವಾಯಿತೆನ್ನುವಂತಿಲ್ಲ. ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ 16ನೇ ಶತಮಾನದ್ದು. ಅದರ ಇಳಿಜಾರು ಮಾಡಿಗೆ ಹೊದಿಸಿದ್ದು ಕಲ್ಲಿನ ಚಪ್ಪಡಿ. ಗೋಡೆಗೆ ಜೋಡಿಸಿದ ಕಲ್ಲಿನ ಪಟ್ಟಿಗಳು ಮರದ ಜಾಲಂಧ್ರದ ಅಚ್ಚು. ಮರದಲ್ಲಿ ಮಾಡಿ ಪಳಗಿದ ರೂಪವನ್ನು ಇಲ್ಲಿನ ಶಿಲ್ಪಿಗಳು ಕಲ್ಲಿಗೆ ಇಳಿಸಿದ್ದರು. ಈ ಮಳೆಸೀಮೆಯಲ್ಲಿ ಅಷ್ಟು ಹಳೆಯ ಮರದ ಕೆಲಸ ಉಳಿಯುವುದು ಕಷ್ಟ. ಅದು ಹೇಗಿತ್ತೆಂದು ತಿಳಿಯಬೇಕಾದರೆ ಈ ಕಲ್ಲನ್ನೇ ನೋಡಬೇಕು.

ಗಂಧದ ಪೆಟ್ಟಿಗೆ ಕೆತ್ತುವ ಹಳೆಯ ಕ್ರಮ ಹೀಗೆ: ಮೊದಲು ಹಲಗೆಗಳನ್ನು ಹತ್ತರಿಯಿಂದ ನುಣುಪು ಮಾಡಬೇಕು. ಬಿಳಿ ಕಾಗದದ ಮೇಲೆ ಬಳ್ಳಿ, ಹೂವು, ದೇವತೆಗಳ ಚಿತ್ತಾರ ಬರೆದು ಹಲಗೆಗೆ ಅಂಟಿಸಬೇಕು. ಗೆರೆಯ ಗುಂಟ ಸಣ್ಣ ಉಳಿಯಿಂದ ಗೀರಿ, ನಡುವಿನ ಮರವನ್ನು ತೆಗೆದು, ಉಳಿದುದಕ್ಕೆ ಉಬ್ಬು ಕೊಡಬೇಕು. ಗಂಧದ ಚೇಗು ಗಟ್ಟಿ. ಅದರ ಬೆಲೆಯೂ ಹೆಚ್ಚು. ಆದ್ದರಿಂದ ಕೈ ಜಾರಿದರೆ ಕೆಲಸವೂ ಹಾಳು, ಬಂಡವಾಳವೂ ಹಾಳು.

ಕಸುಬಿನಲ್ಲಿ ಗಂಧವೊಂದೇ ಇರಲಿಲ್ಲ. ದಂತದಲ್ಲೂ ಕೆತ್ತುತ್ತಿದ್ದರು. ಕೆರೆಯಲ್ಲಿ ಬೆಳೆಯುವ ಬೆಂಡನ್ನು ಹರಿತ ಚೂರಿಯಿಂದ ಸೀಳಿ ಮದುವೆಯ ಬಾಸಿಂಗ ಮಾಡುತ್ತಿದ್ದರು, ಇಂದಿಗೂ ಮಾಡುತ್ತಾರೆ. ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳದ್ದೂ ಇದೇ ಬಗೆಯ ಕುಸುರಿ. ವೇಷಧಾರಿ ರಾತ್ರಿಯಿಡೀ ಹೊತ್ತು ಕುಣಿಯಬೇಕಾದ್ದರಿಂದ ಹಗುರ ಮರವೇ ಬೇಕು. ಕೆತ್ತಿದ ಮೇಲೆ ಬೇಗಡೆ ಅಂಟಿಸಿದರೆ ದೀವಟಿಗೆಯ ಬೆಳಕಿಗೆ ಬಂಗಾರವಾಗುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಹೊನ್ನಾವರ ತಾಲೂಕಿನಲ್ಲಿ ಕಟ್ಟಿದ ಇಡಗುಂಜಿ ಮೇಳದಂಥ ಮೇಳಗಳಿಂದಾಗಿ ಈ ಬಗೆಯ ಮರದ ಆಭರಣಗಳನ್ನು ದೂರದೂರದ ಪ್ರೇಕ್ಷಕರೂ ಕಂಡರು.

ಇಂಥ ಕೆಲಸದಲ್ಲಿ ಹೊತ್ತು ತಿನ್ನುವುದು ಬಳ್ಳಿಯ ನಡುವಿನ ಬಯಲನ್ನು ಕಳೆಯುವುದು. ಆ ಹೊರೆಯನ್ನು ಇಳಿಸುವುದು ಸ್ಕ್ರೋಲ್ ಸಾ ಎಂಬ ಸಣ್ಣ ಬ್ಲೇಡಿನ ಯಂತ್ರದ ಗರಗಸ. ಯುರೋಪಿನ ಕುಸುರಿಗಾರರು ಬಿಲ್ಲಿನಂಥ ಚೌಕಟ್ಟಿಗೆ ಸಣ್ಣ ಬ್ಲೇಡು ಬಿಗಿದು ಕೈಯಲ್ಲೇ ಕೊಯ್ಯುತ್ತಿದ್ದರು. 19ನೇ ಶತಮಾನದಲ್ಲಿ ಕಾಲಿನಿಂದ ತುಳಿಯುವ ಯಂತ್ರ ಬಂತು, ಆಮೇಲೆ ವಿದ್ಯುತ್ ಮೋಟಾರು. ನಮ್ಮಲ್ಲಿ ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸಗಾರರ ಕೈಯಲ್ಲಿ ಸಣ್ಣ ಗರಗಸವೇ ಮುಖ್ಯ ಹತ್ಯಾರು.

ಈಗ ಜಾಲಂಧ್ರದ ಕೆಲಸಕ್ಕೆ ಯಂತ್ರ ಕೊಳ್ಳುವವರು ಮೊದಲು ಕೇಳಬೇಕಾದ್ದು ಬ್ಲೇಡಿನ ಮಾತು. ಹಲಗೆಯ ಒಳಗಿನ ಪ್ರತಿಯೊಂದು ಕಿಂಡಿಗೂ ಮೊದಲು ಬೈರಿಗೆಯಿಂದ ತೂತು ಕೊರೆದು, ಬ್ಲೇಡಿನ ಒಂದು ತುದಿ ಬಿಚ್ಚಿ, ತೂತಿನಲ್ಲಿ ತೂರಿಸಿ ಮತ್ತೆ ಬಿಗಿಯಬೇಕು. ತುದಿಯಲ್ಲಿ ಪಿನ್ ಇರುವ ಬ್ಲೇಡಿಗೆ ದೊಡ್ಡ ತೂತು ಬೇಕು. ಸಣ್ಣ ಬಳ್ಳಿಯ ಕೆಲಸ ಅಲ್ಲೇ ಕೆಡುತ್ತದೆ. ಪಿನ್ ಇಲ್ಲದ ಬ್ಲೇಡು ಹಿಡಿಯುವ, ಬಿಚ್ಚಿ ಬಿಗಿಯಲು ಸಲೀಸಾದ, ವೇಗ ತಗ್ಗಿಸಬಹುದಾದ ಯಂತ್ರವೇ ಸರಿ. 16 ಇಂಚಿನ ಯಂತ್ರವೆಂದರೆ ಬ್ಲೇಡಿನಿಂದ ಹಿಂಬದಿಯ ಚೌಕಟ್ಟಿಗೆ ಅಷ್ಟು ಜಾಗವಿದೆ ಎಂದರ್ಥ. ದೇವರ ಮಂಟಪದ ಅಗಲ ಹಲಗೆ ಅದರಲ್ಲಿ ತಿರುಗುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳುವುದು ಒಳಿತು. ಆದರೆ ಯಂತ್ರ ಕೊಯ್ದುಕೊಡುವುದು ಚಪ್ಪಟೆ ಆಕಾರವನ್ನು ಮಾತ್ರ. ಎಲೆಯ ಮಡಿಕೆ, ಮುಖದ ಭಾವ ಮೂಡಿಸಲು ಇಂದಿಗೂ ಉಳಿಯೇ ಬೇಕು.

ಹಾಗಾಗಿ ಗುಡಿಗಾರರ ಕಸುಬಿಗೆ ದೊಡ್ಡ ಪೆಟ್ಟು ಬಿದ್ದದ್ದು ಯಂತ್ರದಿಂದಲ್ಲ, ಕಚ್ಚಾಮಾಲಿನ ಅಭಾವದಿಂದ. 1972ರ ವನ್ಯಜೀವಿ ಕಾಯ್ದೆಗೆ 1986 ಮತ್ತು 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು. ಆನೆಗಳು ಉಳಿಯಬೇಕಾದರೆ ಅದು ನಿಲ್ಲಲೇಬೇಕಿತ್ತು. ಶ್ರೀಗಂಧದ ಕಥೆ ಬೇರೆ. ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಮರ ಸರ್ಕಾರದ್ದಾಗಿಯೇ ನಡೆದುಬಂತು. ತಮ್ಮದಲ್ಲದ ಮರವನ್ನು ರೈತರು ಬೆಳೆಸಲು ಹೋಗಲಿಲ್ಲ, ಕಾಡಿನ ಮರವನ್ನು ಕಳ್ಳರು ಬಿಡಲಿಲ್ಲ. ಜಮೀನಿನ ಗಂಧದ ಮರಕ್ಕೆ ಜಮೀನುದಾರನೇ ಒಡೆಯ ಎಂದು ಕರ್ನಾಟಕ ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಚೇಗು ಬಲಿಯಲು ದಶಕಗಳು ಬೇಕು. ಆ ತಿದ್ದುಪಡಿಯ ಮೇಲೆ ನೆಟ್ಟ ಗಿಡಗಳು ಈಗಷ್ಟೇ ಮರವಾಗುತ್ತಿವೆ.

ಆ ಮರ ಕೊಯ್ಲಿಗೆ ಬಂದಾಗ ಎಣ್ಣೆ ಮತ್ತು ಸಾಬೂನಿಗೆ ಹೋಗುವ ಪಾಲಿನ ಜತೆಗೆ ಕೆತ್ತನೆಗಾರರಿಗೂ ಕೈಗೆಟಕುವ ಬೆಲೆಯ ಪಾಲೊಂದನ್ನು ಸರ್ಕಾರ ಈಗಲೇ ಗೊತ್ತು ಮಾಡಬೇಕು. ಅಲ್ಲಿಯವರೆಗೆ ಕಸುಬು ಉಳಿಯಬೇಕಾದರೆ ಕೆಲಸ ಸಿಗಬೇಕು. ಮನೆಯ ಮದುವೆಗೆ ಬಾಸಿಂಗ, ಹೊಸ ಮನೆಗೆ ದೇವರ ಮಂಟಪ ಬೇಕಾದವರು ಪೇಟೆಯ ಸಿದ್ಧ ಮಾಲಿಗೆ ಕೈ ಹಾಕುವ ಮೊದಲು ಹತ್ತಿರದ ಗುಡಿಗಾರರ ಮನೆಯಲ್ಲಿ ವಿಚಾರಿಸಲಿ.